ಸಾಹುಕಾರ ಸಾಯುವ ಕುರ್ಚಿ

ನನಗೆ ಎಲೆ ಅಡಿಕೆ ಇಲ್ಲ, ಇಸ್ಪೀಟಿಲ್ಲ, ಬೀಡಿ ಹೊಗೆ ತಾಗಿದರೆ ಸೀನು ಬರುತ್ತದೆ. ಇಷ್ಟು ಕೇಳಿ ನನ್ನನ್ನು ಒಳ್ಳೆಯವನೆಂದು ನಂಬಿ ಮೋಸ ಹೋಗಬೇಡಿ. ನನಗೂ ಒಂದು ಚಟವಿದೆ: ನನ್ನ ಹೆಸರನ್ನು ಮೈಕಿನಲ್ಲಿ ಕೇಳುವ ಚಟ. ಇದಕ್ಕೆ ಕಾರಣವೂ ಇದೆ. ನಾನು ಕೊಟ್ಟೂರಿನಲ್ಲಿ ಪ್ರೈಮರಿ ಶಾಲೆಯ ಮಾಸ್ತರಾಗಿದ್ದ ಆ ಕಾಲದಲ್ಲಿ ನನಗೊಂದು ಹೆಸರಿದೆ ಎಂಬುದೇ ಯಾರಿಗೂ ನೆನಪಿರಲಿಲ್ಲ. ಹೆಂಡತಿಗೆ ನಾನು ‘ಏನ್ರಿ’, ಮಕ್ಕಳಿಗೆ ‘ಅಪ್ಪಾ’, ಶಾಲೆಯಲ್ಲಿ ‘ಸಾ’. ಹಾಗಾಗಿ ಒಮ್ಮೆ ಗಣಪತಿ ಪೆಂಡಾಲಿನಲ್ಲಿ “ಸೈಕಲ್ಲಿಗೆ ಬೀಗ ಹಾಕದೆ ಬಂದಿರುವ ಚನ್ನವೀರಪ್ಪ ಮಾಸ್ತರು ಕೂಡಲೇ ಹೊರಗೆ ಬರಬೇಕು” ಎಂದು ಕೂಗಿದಾಗ ಮೈ ಜುಮ್ಮೆಂದಿತು. ಎರಡನೇ ಸಲ ಕೂಗಲಿ ಎಂದು ಕೂತೇ ಇದ್ದೆ. ಅಷ್ಟರಲ್ಲಿ ಸೈಕಲ್ ಹೋಗಿತ್ತು.

ಆ ಸೈಕಲ್ ನನ್ನ ಮಾವನವರು ಮದುವೆಯಲ್ಲಿ ಕೊಟ್ಟದ್ದು. ಮಾವ ಗುರುಬಸಪ್ಪನವರು ಹಡಗಲಿಯಲ್ಲಿ ಮಲ್ಲಿಗೆ ತೋಟ ಮಾಡಿದವರು. ಹೂವಿನಂಥ ಮನುಷ್ಯರಲ್ಲ. ವರ್ಷಕ್ಕೆರಡು ಸಲ ಬಂದು, ಕೊಟ್ಟ ಸಾಮಾನೆಲ್ಲ ಇದೆಯೋ ಇಲ್ಲವೋ ನೋಡಿಕೊಂಡು, ಕೊನೆಗೆ ಮಗಳ ಯೋಗಕ್ಷೇಮ ವಿಚಾರಿಸುವುದು ಅವರ ಪದ್ಧತಿ. ಸೈಕಲ್ ಹೋದಾಗ ಅವರು ಹೇಳಿದ ಮಾತು ನನ್ನ ಎದೆಯಲ್ಲಿ ಮೊಳೆ ಹೊಡೆದ ಹಾಗೆ ಕೂತಿತ್ತು. “ನೋಡ್ರಿ ಅಳಿಯಂದ್ರ, ಇನ್ನೊಂದು ಸಾಮಾನು ಕಳೀಲಿ, ಉಳಿದ ಸಾಮಾನೂ ಮಗಳ್ನೂ ಒಂದ ಗಾಡ್ಯಾಗ ಹಾಕ್ಕೊಂಡು ಹೋಗಿಬಿಡ್ತೀನಿ.” ಉಳಿದದ್ದರಲ್ಲಿ ದೊಡ್ಡದು ಒಂದು ತೇಗದ ಈಜಿಚೇರು.

ಆ ವರ್ಷ ಸಂತೆ ಬಯಲಿನ ಪಕ್ಕ ತಗಡಿನ ಥಿಯೇಟರು ಹಾಕಿಕೊಂಡು ಒಂದು ಸಣ್ಣ ನಾಟಕ ಕಂಪನಿ ಕ್ಯಾಂಪು ಮಾಡಿತ್ತು. ಹದಿನಾಲ್ಕು ಜನರ ಕಂಪನಿ, ನಲವತ್ತು ಜನರ ಕೆಲಸ. ಯಜಮಾನತಿ ನಾಗರತ್ನಮ್ಮ ಟಿಕೆಟ್ ಹರಿದುಕೊಟ್ಟು, ಮೈಕಿನಲ್ಲಿ ಪ್ರಕಟಣೆ ಹೇಳಿ, ಸೆರಗಿಗೆ ಕೈ ಒರೆಸಿಕೊಂಡು ಹೋಗಿ ಎರಡನೇ ದೃಶ್ಯದಲ್ಲಿ ಬಡ ತಾಯಿಯಾಗಿ ಅಳುತ್ತಿದ್ದರು. ಆಕೆಯ ಗಂಡ ಈರಣ್ಣ ಬೆಳಿಗ್ಗೆ ಪರದೆಗೆ ಬಣ್ಣ ಬಳಿಯುತ್ತಿದ್ದ, ಸಂಜೆ ಸಾಹುಕಾರನಾಗಿ ಸಾಯುತ್ತಿದ್ದ. ಮೇಕಪ್ಪು ಮತ್ತು ಸಾಮಾನಿನ ಉಸ್ತುವಾರಿ ಹಾಲಪ್ಪನದು. ಕಂಪನಿಯ ಬಳಿ ಸ್ವಂತದ್ದೆಂದು ಇದ್ದದ್ದು ಎರಡು ಕತ್ತಿ, ಒಂದು ಕಿರೀಟ. ಸಾಮಾಜಿಕ ನಾಟಕಕ್ಕೆ ಕತ್ತಿ ಕಿರೀಟ ಏನು ಮಾಡುವುದು? ಅದಕ್ಕೇ ಹಾಲಪ್ಪ ಹೋದ ಊರಿನಲ್ಲೆಲ್ಲ ಮನೆಮನೆಗೆ ನೀರು ಕೇಳುವ ನೆಪದಲ್ಲಿ ಹೋಗಿ, ಕುಡಿಯುತ್ತಾ ಸಾಮಾನು ನೋಡಿ ಬರುತ್ತಿದ್ದ. ಕೊಟ್ಟವರ ಹೆಸರನ್ನು ಯಜಮಾನತಿ ದಿನಾ ಮೈಕಿನಲ್ಲಿ ಹೇಳುತ್ತಿದ್ದರು. ಟೇಲರನ ನಿಲುಗನ್ನಡಿ, ಕಂಪೌಂಡರನ ಚೀಲ, ಹೀಗೆ ಊರಿನ ಅರ್ಧ ಸಂಸಾರ ರಂಗದ ಮೇಲಿತ್ತು. ನಮ್ಮ ಪಕ್ಕದ ಮನೆಯಾಕೆ ತನ್ನ ಹಿತ್ತಾಳೆ ಕೊಡವನ್ನು ನೋಡಲು ನಾಲ್ಕು ಸಲ ಹೋದಳು, ನಾಲ್ಕು ಸಲವೂ ಟಿಕೆಟ್ ತೆಗೆಸಿ.

ಒಂದು ಭಾನುವಾರ ಹಾಲಪ್ಪ ನಮ್ಮ ಮನೆಯಲ್ಲಿ ಮೂರು ಲೋಟ ನೀರು ಕುಡಿದ. ಮೂರನೇ ಲೋಟಕ್ಕೆ ಈಜಿಚೇರಿನ ಕೈ ಸವರಿ, “ಸಾಹುಕಾರ ಈಗ ಕಬ್ಬಿಣದ ಮಡಚೋ ಕುರ್ಚ್ಯಾಗ ಸಾಯಾಕ ಹತ್ಯಾನ್ರಿ. ಸತ್ತ ಕೂಡ್ಲೆ ಕುರ್ಚಿ ಮಡಚಿಕೊಂತೈತಿ, ಜನ ನಗತಾರ” ಎಂದ. ನಮ್ಮಾಕೆ ಒಳಗಿನಿಂದಲೇ ಬೇಡವೆಂದು ಕೈಯಾಡಿಸಿದಳು. ನಾನು ನೋಡದವನಂತೆ, “ಹೆಸರು ಯಾವಾಗ ಹೇಳ್ತೀರಿ?” ಎಂದು ಕೇಳಿದೆ. ಸಾಹುಕಾರ ಸತ್ತು ಪರದೆ ಬಿದ್ದ ಮೇಲೆ, ಜನ ಗಪ್ಪಾಗಿರುವ ಆ ಗಳಿಗೆಯಲ್ಲೇ ಹೇಳಬೇಕೆಂದು ಕರಾರು ಮಾಡಿಕೊಂಡೆ. ಹಾಗೆಯೇ ಆಯಿತು. ಹದಿನೆಂಟು ದಿನ ನಾನು ಥಿಯೇಟರಿನ ತಗಡಿಗೆ ಒರಗಿ ನಿಂತು ನನ್ನ ಹೆಸರು ಕೇಳಿ ಮನೆಗೆ ಬಂದು ಊಟ ಮಾಡಿದೆ.

ಹತ್ತೊಂಬತ್ತನೆಯ ದಿನ ಮಧ್ಯಾಹ್ನದ ಬಸ್ಸಿಗೆ ಮಾವನವರು ಇಳಿದರು. ಕಾಲು ತೊಳೆಯುವ ಮೊದಲೇ, “ಈಜಿಚೇರು ಎಲ್ಲೈತ್ರಿ ಅಳಿಯಂದ್ರ?” ಎಂದರು. “ಬಟ್ಟಿ ಹರಿದಿತ್ರಿ. ಹೊಸಾದು ಹಾಕ್ಸಾಕ ಕೊಟ್ಟೀನಿ” ಎಂದೆ. ನಮ್ಮಾಕೆ ನನ್ನನ್ನು ನೋಡಿದ ನೋಟದಲ್ಲಿ ಆಗಲೇ ಟ್ರಂಕು ಕಟ್ಟಿ ಮುಗಿದಿತ್ತು. ಸಾಲದ್ದಕ್ಕೆ ಮಾವನವರು ಕಾಫಿ ಕುಡಿದು, “ನಾಟಕ ಬಂದೈತಂತಲ್ಲ, ನಡ್ರಿ, ಮೊದಲ್ನೇ ಆಟಕ್ಕ ಹೋಗೂಣು” ಎಂದುಬಿಟ್ಟರು.

ನಾನು ಹಿಂಬಾಗಿಲಿನಿಂದ ಥಿಯೇಟರಿಗೆ ಓಡಿದೆ. ಒಂದು ಸಂಜೆಗೆ ಕುರ್ಚಿ ಕೊಡಪ್ಪಾ ಎಂದು ಅಂಗಲಾಚಿದೆ. ಹಾಲಪ್ಪ ಕಿವಿ ಮುಚ್ಚಿಕೊಂಡ. “ಬಿಡ್ತು ಅನ್ರಿ! ಕಾಯಿ ಒಡದು ರಂಗಕ್ಕ ಏರಿಸಿದ ಸಾಮಾನು ಕ್ಯಾಂಪ್ ಮುಗಿಯೋ ತನಕ ಇಳಿಸಂಗಿಲ್ರಿ. ಇಳಿಸಿದ್ರ ಕಂಪನಿ ಮುಳಗತೈತಿ.” ನನ್ನ ಸಂಸಾರ ಮುಳುಗುತ್ತದೆ ಮಾರಾಯಾ ಎಂದೆ. ಅವನು ಕುರ್ಚಿಯನ್ನೂ ನನ್ನನ್ನೂ ನೋಡಿ, “ಮೇಕಪ್ ಮಾಡ್ತೀನಿ ಬಿಡ್ರಿ. ಐವತ್ತು ವರ್ಷದಾಕೀನ ಹದಿನಾರು ಮಾಡೀನಿ, ಕುರ್ಚಿ ಯಾವ ಲೆಕ್ಕ?” ಎಂದ.

ಸುಳ್ಳಲ್ಲ, ಆರೂಕಾಲಿಗೆ ಪರದೆ ಎದ್ದಾಗ ಕುರ್ಚಿಯ ಗುರುತು ನನಗೇ ಸಿಗಲಿಲ್ಲ. ಕೈಗಳಿಗೆ ಬಂಗಾರದ ಕಾಗದ, ಬೆನ್ನಿಗೆ ಹಳೇ ಪರದೆಯ ಕೆಂಪು ಮಖಮಲ್ಲು, ನೆತ್ತಿಗೆ ಕಂಪನಿಯ ಕಿರೀಟ. ಮುಂದಿನ ಸಾಲಿನಲ್ಲಿ ನನ್ನ ಪಕ್ಕ ಕೂತ ಮಾವನವರು ಬಾಯಿ ಬಿಟ್ಟುಕೊಂಡು ನೋಡಿ, “ಎಂಥಾ ಕುರ್ಚಿ ಐತ್ರಿ! ನಿಮ್ಗ ಇಂಥಾದ್ದು ಕೊಡಬೇಕಾಗಿತ್ತು, ತಪ್ಪಾತು” ಎಂದರು. ನಮ್ಮಾಕೆ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಈರಣ್ಣ ಎದೆ ಹಿಡಿದುಕೊಂಡು, ಕೆಮ್ಮಿ, ಆಸ್ತಿಯೆಲ್ಲ ಬಡವರಿಗೆ ಬರೆದು, ನನ್ನ ಕುರ್ಚಿಯಲ್ಲಿ ಸುಖವಾಗಿ ಸತ್ತ. ಪರದೆ ಬಿತ್ತು. ಜನ ಗಪ್ಪಾದರು. ಮಾವನವರು ಕಣ್ಣೊರೆಸಿಕೊಂಡರು. ಗೆದ್ದೆ ಎಂದುಕೊಂಡೆ.

“ಸಾಹುಕಾರರು ಪ್ರಾಣ ಬಿಟ್ಟ ಈಜಿಚೇರನ್ನು ಪ್ರೀತಿಯಿಂದ ಕೊಟ್ಟವರು ಶ್ರೀ ಚನ್ನವೀರಪ್ಪ ಮಾಸ್ತರು!”

ಪ್ರಕಟಣೆ ನಿಲ್ಲಿಸಿರೆಂದು ಹೇಳುವುದು ಆ ಗಡಿಬಿಡಿಯಲ್ಲಿ ಹೊಳೆಯಲಿಲ್ಲ. ಹೊಳೆದಿದ್ದರೂ ಬಾಯಿ ಬರುತ್ತಿರಲಿಲ್ಲ, ಸುಳ್ಳು ಯಾಕೆ ಹೇಳಲಿ? ಮಾವನವರು ನನ್ನತ್ತ ಒಮ್ಮೆ ನೋಡಿ, ಪಂಚೆ ಎತ್ತಿ ಕಟ್ಟಿ, ಸೀದಾ ರಂಗದ ಹಿಂದಕ್ಕೆ ನಡೆದರು. ಕಳೆದುಹೋದ ಸೈಕಲ್ಲನ್ನೂ ಹೋಗಲಿರುವ ಹೆಂಡತಿಯನ್ನೂ ನೆನೆಯುತ್ತಾ ಹಿಂದೆ ಓಡಿದೆ. ಒಳಗೆ ನಾಗರತ್ನಮ್ಮ ಮೈಕಿನ ಮುಂದೆ ನಿಂತಿದ್ದರು.

“ಈಗ ಹೆಸರು ಕೂಗಿದಾಕಿ ನೀನೇನವ್ವಾ?”

“ಹೌದ್ರಿ. ಏನಾತ್ರಿ?”

“ಏನಾತಾ? ಕುರ್ಚಿ ಕೊಟ್ಟಾವ ನಾನು! ತೇಗ ಹುಡುಕಿದಾವ ನಾನು, ಬಡಿಗೇರನ ಮುಂದ ಕುಂತು ಮಾಡಿಸಿದಾವ ನಾನು. ನನ್ನ ಹೆಸರು ಬಿಟ್ಟು ಅಳಿಯಂದು ಹೆಂಗ ಕೂಗಿದಿ?”

ಕಂಪನಿ ನಡೆಸುವವರ ಬುದ್ಧಿಯೇ ಬುದ್ಧಿ. ಆಕೆ ಒಂದು ಕ್ಷಣವೂ ತಡ ಮಾಡದೆ ಮೈಕು ಹಿಡಿದು, “ಕುರ್ಚಿಯ ನಿಜವಾದ ದಾನಿಗಳು ಹಡಗಲಿಯ ಶ್ರೀಮಾನ್ ಗುರುಬಸಪ್ಪನವರು” ಎಂದು ಸಾರಿದರು. ಎರಡು ಸಲ! ಮಾವನವರ ಮುಖ ಅರಳಿತು.

ಮರುದಿನ ಹೊರಡಬೇಕಿದ್ದವರು ಕ್ಯಾಂಪು ಮುಗಿಯುವವರೆಗೆ ನಮ್ಮ ಮನೆಯಲ್ಲೇ ಉಳಿದರು. ಕಂಪನಿ ಹರಪನಹಳ್ಳಿಗೆ ಹೊರಟಾಗ, “ಕುರ್ಚಿ ನಿಮ್ಮ ಮನ್ಯಾಗ ಇದ್ದು ಏನ್ ಮಾಡತೈತ್ರಿ? ಕಂಪನಿ ಜೋಡಿ ಹೋಗ್ಲಿ” ಎಂದು ಆಶೀರ್ವಾದ ಮಾಡಿ ಅದನ್ನೂ ಲಾರಿ ಹತ್ತಿಸಿದರು. ಹೆಂಡತಿ ಉಳಿದಳು, ಕುರ್ಚಿ ಹೋಯಿತು, ನನ್ನ ಹೆಸರು ಮತ್ತೆ ‘ಏನ್ರಿ’ ಆಯಿತು. ನಾನು ಚಾಪೆಯ ಮೇಲೆ ಕೂತು, ಇನ್ನು ಈ ಚಟ ಸಾಕು ಎಂದು ಗೋಡೆಗೆ ಒರಗಿದೆ. ಒರಗಿದಾಗ ತಲೆಯ ಮೇಲೆ ಗಡಿಯಾರ ಟಿಕ್ ಟಿಕ್ ಎಂದಿತು. ಅದು ಮಾವನವರು ಕೊಟ್ಟದ್ದಲ್ಲ, ನನ್ನ ಸ್ವಂತ ಸಂಬಳದ್ದು. ನಾಟಕದಲ್ಲಿ ಸಾಹುಕಾರನ ಮನೆಯ ಗೋಡೆ ಬರಿದಾಗಿತ್ತು ಎಂಬುದು ನೆನಪಾಯಿತು.

ಆ ಶನಿವಾರ ಶಾಲೆ ಬಿಟ್ಟ ಮೇಲೆ, ಗಡಿಯಾರವನ್ನು ಟವೆಲಿನಲ್ಲಿ ಸುತ್ತಿಕೊಂಡು ಹರಪನಹಳ್ಳಿ ಬಸ್ಸು ಹತ್ತಿದೆ.