ಗಣಿಯ ವೈರು, ನಲವತ್ತು ಗಿಳಿ

ನನ್ನ ಹಳೆಯ ವ್ಯಾನಿಗೆ ಐದು ಪ್ಲಗ್ ವೈರು ಹಾಕಿಸಲು ಮೂರು ಸಾವಿರದ ಇನ್ನೂರು ರೂಪಾಯಿ ಖರ್ಚಾಯಿತು. ಅಂಗಡಿಯವನು ಮೊದಲ ದಿನ ಹೇಳಿದ್ದ ಬೆಲೆ ಒಂಬೈನೂರ ಐವತ್ತು. ಮಿಕ್ಕಿದ್ದೆಲ್ಲ ನಾನು ಚೌಕಾಸಿ ಮಾಡಿ ಉಳಿಸಿದ್ದಕ್ಕೆ ತಗುಲಿದ ವೆಚ್ಚ. ಉಳಿತಾಯ ಇಷ್ಟು ದುಬಾರಿ ಎಂದು ಮೊದಲೇ ಯಾರೂ ನನಗೆ ಹೇಳಿರಲಿಲ್ಲ. ಹೇಳಿದ್ದರೂ, ‘ಸ್ವಲ್ಪ ಕಮ್ಮಿ ಮಾಡಿಕೊಂಡು ಹೇಳಿ’ ಎನ್ನುತ್ತಿದ್ದೆನೋ ಏನೋ.

ಚೌಕಾಸಿ ನನ್ನ ಕಸುಬೂ ಹೌದು, ಕಾಯಿಲೆಯೂ ಹೌದು. ಸೈಕಲ್ಲಿನ ಮೇಲೆ ಸ್ಟೀಲ್ ಪಾತ್ರೆ ಹೇರಿಕೊಂಡು ಕೆಜಿಎಫ್‌ನ ಮೈಸೂರು ಮೈನ್ಸ್‌ನಲ್ಲಿ ಗಣಿ ಕೆಲಸಗಾರರ ಲೈನು ಮನೆಗಳ ಮುಂದೆ ಕೂಗುತ್ತಾ ತಿರುಗಿದವನು ಇವತ್ತು ಆಂಡರ್ಸನ್‌ಪೇಟೆಯಲ್ಲಿ ಎರಡು ಷಟರಿನ ಅಂಗಡಿ ಇಟ್ಟಿದ್ದೇನೆಂದರೆ ಅದು ಈ ನಾಲಿಗೆಯ ಪುಣ್ಯ. ನಮ್ಮ ಬೀದಿಯಲ್ಲಿ ಯಾರು ಫ್ರಿಜ್ ಕೊಳ್ಳಲಿ, ಮಂಚ ಕೊಳ್ಳಲಿ, ಬೆಲೆ ಇಳಿಸಲು ನನ್ನನ್ನು ಜೊತೆಗೆ ಕರೆದೊಯ್ಯುತ್ತಾರೆ. ಒಮ್ಮೆ ಹುಳುಕು ಹಲ್ಲು ಕೀಳಿಸಲು ಹೋಗಿ, ಅಭ್ಯಾಸಬಲದಿಂದ ‘ಎರಡು ಕಿತ್ತರೆ ಎಷ್ಟು ಬಿಡ್ತೀರಿ?’ ಎಂದು ಕೇಳಿ, ಒಂದು ಒಳ್ಳೆಯ ಹಲ್ಲನ್ನೂ ಕಳೆದುಕೊಳ್ಳುವುದರಲ್ಲಿದ್ದೆ.

ಇಂಥ ನನ್ನ ವ್ಯಾನು ಬೆಳಗಿನ ಹೊತ್ತು ಹಳೆಯ ಗಣಿ ಕೆಲಸಗಾರನ ಹಾಗೆ ಕೆಮ್ಮತೊಡಗಿತು. ಮೆಕ್ಯಾನಿಕ್ ಸೆಲ್ವಂ ಬಾನೆಟ್ ಎತ್ತಿ, ನಾಲ್ಕು ಪ್ಲಗ್ಗುಗಳಿಗೆ ಹೋಗುವ ನಾಲ್ಕು ವೈರು, ಇಗ್ನಿಷನ್ ಕಾಯಿಲಿನಿಂದ ಬರುವ ಇನ್ನೊಂದು, ಐದನ್ನೂ ಬಗ್ಗಿಸಿ ನೋಡಿದ. “ಅಣ್ಣೇ, ಎಲ್ಲಾ ಬಿರುಕು ಬಿಟ್ಟವೆ. ಕರೆಂಟು ಪ್ಲಗ್ಗಿಗೆ ಓಗೋಕೆ ಮುಂಚೆ ದಾರೀಲೇ ಸೋರ್ತದೆ. ಸೆಟ್ಟೇ ಬದಲಾಯ್ಸಿ.”

“ತೀರಾ ಕೆಟ್ಟಿರೋ ಒಂದೇ ಒಂದು ಬದಲಾಯಿಸಿದರೆ?”

“ನಾಕು ಟಯರೂ ಪಂಚರ್ ಆದ್ರೆ ಒಂದಕ್ಕೆ ಗಾಳಿ ಒಡಿಸ್ತೀರಾ ಅಣ್ಣೇ?”

ಬೇರೆ ಸಮಯವಾಗಿದ್ದರೆ ಆರು ತಿಂಗಳು ಹೀಗೇ ತಳ್ಳುತ್ತಿದ್ದೆ. ಆದರೆ ನನ್ನ ಹೆಂಡತಿ ಮಂಜುಳಾ ಆಗ ತನ್ನ ಹೊಲಿಗೆ ಮೆಷಿನ್ನಿನ ಮೊದಲ ದೊಡ್ಡ ಆರ್ಡರ್ ಹಿಡಿದಿದ್ದಳು. ಬಂಗಾರಪೇಟೆಯ ಒಂದು ಶಾಲೆಯ ವಾರ್ಷಿಕೋತ್ಸವಕ್ಕೆ ನಲವತ್ತು ಗಿಳಿಗಳ ವೇಷ: ಹಸಿರು ಫ್ರಾಕು, ರೆಕ್ಕೆ, ಕೆಂಪು ಕೊಕ್ಕು. ‘ಸೋಮವಾರ ಹತ್ತು ಗಂಟೆಗೆ ಮಕ್ಕಳು ಹಾಕಿಕೊಂಡು ಕುಣಿಯಬೇಕು. ಹೇಳಿದ ಹೊತ್ತಿಗೆ ತಂದರೆ ಮುಂದಿನ ವರ್ಷದ ಯೂನಿಫಾರಂ ಪೂರ್ತಿ ನಿಮಗೇ. ಇಲ್ಲದಿದ್ದರೆ ಕೋಲಾರದ ಟೈಲರಿಗೆ’ ಎಂದಿದ್ದರು ಹೆಡ್‌ಮಿಸ್ಸು. ಎರಡು ತಿಂಗಳಿಂದ ನಮ್ಮ ಮನೆಯ ಅನ್ನದಲ್ಲೂ ಹಸಿರು ದಾರ. “ಗಾಡಿ ಸರಿ ಮಾಡಿಸಿಬಿಡ್ರಿ, ಇದೊಂದಕ್ಕೆ ಚೌಕಾಸಿ ಬ್ಯಾಡ” ಎಂದು ಅವಳು ಮೂರು ಸಲ ಹೇಳಿದ್ದಳು.

ಬಂಗಾರಪೇಟೆ ಸ್ಟೇಷನ್ನಿನ ಹತ್ತಿರ ಸೀನಪ್ಪನ ಬಿಡಿಭಾಗಗಳ ಅಂಗಡಿ. ಅವನು ವ್ಯಾನಿನ ಹೆಸರು ಕೇಳಿದ, ವರ್ಷ ಕೇಳಿದ, ಸರಿಯಾದ ಪೊಟ್ಟಣ ತೆಗೆದು ಮುಂದಿಟ್ಟ.

“ಒಂಬೈನೂರೈವತ್ತು ಅನ್ನಾ.”

“ಐನೂರು.”

“ಇದೇನು ತಪ್ಪಲೆ ಪಾತ್ರೇನಾ ಅನ್ನಾ, ತಟ್ಟಿ ನೋಡಿ ರೇಟು ಕಟ್ಟೋಕೆ?”

ಆರುನೂರಕ್ಕೆ ಏರಿದೆ. ಅವನು ಇಳಿಯಲಿಲ್ಲ. ಕೊನೆಯ ಅಸ್ತ್ರ ಪ್ರಯೋಗಿಸಿದೆ: ಎದ್ದು ಹೊರಟೆ. ಎದ್ದು ಹೋಗುವ ಗಿರಾಕಿಯನ್ನು ಮೂರನೇ ಹೆಜ್ಜೆಯೊಳಗೆ ಕರೆಯಬೇಕೆಂಬುದು ವ್ಯಾಪಾರದ ಧರ್ಮ. ನಾನು ಕರೆಯುತ್ತೇನೆ, ನಮ್ಮಪ್ಪನ ವಯಸ್ಸಿನವರೂ ಕರೆಯುತ್ತಿದ್ದರು. ಸೀನಪ್ಪ ಕರೆಯಲಿಲ್ಲ. ಅವನಿಗೆ ಅನುಕೂಲವಾಗಲೆಂದು ಬಗ್ಗಿ ಚಪ್ಪಲಿ ಸರಿಮಾಡಿಕೊಂಡೆ. ಎಡಗಾಲಿನದು ಮುಗಿಸಿ ಬಲಗಾಲಿನದನ್ನೂ ಮಾಡಿಕೊಂಡೆ. ಓರೆಗಣ್ಣಲ್ಲಿ ನೋಡಿದರೆ ಅವನು ಟೀ ಆರಿಸಿಕೊಂಡು ಕುಡಿಯುತ್ತಿದ್ದ. ಹಾಗೆ ಹೊರಟವನು ತಾನಾಗಿ ವಾಪಸು ಹೋಗಬಹುದೇ? ಪ್ರಾಣ ಹೋದರೂ ಇಲ್ಲ.

ದಾರಿಯಲ್ಲಿ ಚಾಂಪಿಯನ್ ರೀಫ್ಸ್‌ನ ಮುನಿಸ್ವಾಮಿ ತಾತನ ನೆನಪಾಯಿತು. ಗಣಿಯಲ್ಲಿ ದುಡಿದು ನಿವೃತ್ತನಾದವನು, ನನ್ನ ಸೈಕಲ್ ಕಾಲದ ಗಿರಾಕಿ. ಇಲ್ಲಿ ನಮ್ಮೂರಿನ ಒಂದು ನಂಬಿಕೆ ಹೇಳಬೇಕು. ಕೆಜಿಎಫ್‌ನವರಾದ ನಮಗೆ ಗಣಿಯೊಳಗಿಂದ ಬಂದ ವಸ್ತು ಎಂದರೆ ದೇವರ ಪ್ರಸಾದ. ಹಳಿಯ ತುಂಡು ಶಾಲೆಯ ಗಂಟೆಯಾಗುತ್ತದೆ, ಗಣಿಗಿಳಿಯುವವರ ಗಟ್ಟಿ ಟೋಪಿ ತುಳಸಿ ಕುಂಡವಾಗುತ್ತದೆ. ಹೊಸದು ಮುರಿದಾಗಲೆಲ್ಲ ‘ಮೈನಿಂಗ್ ಮಾಲಾಗಿದ್ದರೆ ಮುರೀತಿತ್ತಾ?’ ಎನ್ನುತ್ತೇವೆ. ತಾತನ ಮಂಚದ ಕೆಳಗೆ ಒಂದು ಸುರುಳಿ ಕಪ್ಪು ವೈರು ಇತ್ತು. ಬಂಡೆ ಸಿಡಿಸುವ ಮದ್ದಿಗೆ ದೂರದಿಂದ ಕರೆಂಟು ಕೊಡುವ ವೈರು.

“ವೆಳ್ಳಕಾರನ ಕಾಲದ್ದಪ್ಪಾ ಇದು, ಬಿಳೀ ದೊರೆಗಳ ಕಾಲದ್ದು. ಭೂಮಿ ಒಳಗೆ, ನೀರಲ್ಲಿ, ಬಂಡೇನೇ ಎಬ್ಬಿಸಿದ ವೈರು. ನಿನ್ನ ಡಬ್ಬಾ ವ್ಯಾನು ಯಾವ ಲೆಕ್ಕ?”

“ಎಷ್ಟು ಕೊಡಲಿ ತಾತಾ?”

“ನಿನ್ನತ್ರ ದುಡ್ಡು ತಗೋತೀನೇನಪ್ಪಾ? ಮನೇಲಿ ಇಡ್ಲಿ ಪಾತ್ರೆ ತೂತಾಗದೆ, ಅಷ್ಟೇ.”

ಎಂಟುನೂರರ ಇಡ್ಲಿ ಪಾತ್ರೆ ಕಳಿಸಿಕೊಟ್ಟೆ. ಜೇಬಿನಿಂದ ಕಾಸು ಹೋಗದ ಕಾರಣ ನನ್ನ ಮನಸ್ಸು ಅದನ್ನು ಪುಕ್ಕಟೆ ಎಂದೇ ಬರೆದುಕೊಂಡಿತು. ಆ ಕ್ಷಣ ಸೀನಪ್ಪನ ಮೇಲೆ ನನಗೆ ಕನಿಕರವೇ ಬಂತು.

ಸೆಲ್ವಂ ಮಾತ್ರ ವೈರು ನೋಡಿ ಎರಡು ಹೆಜ್ಜೆ ಹಿಂದೆ ಸರಿದ. “ಅಣ್ಣೇ, ಇದು ಕಮ್ಮಿ ಕರೆಂಟಿನ ವೈರು. ಪ್ಲಗ್ಗಿಗೆ ಓಗೋದು ಸಾವಿರಗಟ್ಟಲೆ ವೋಲ್ಟು, ಈ ರಬ್ಬರು ತಡೆಯಲ್ಲ. ನಾನು ಕೈ ಆಕಲ್ಲ.” ಮಾರುವವರು ಹೀಗೆ ಹೆದರಿಸುತ್ತಾರೆಂಬುದು ನನಗೆ ಗೊತ್ತು, ನಾನೂ ಮಾರುವವನೇ. ಹಳೆಯ ವೈರುಗಳ ತುದಿಯ ರಬ್ಬರ್ ಟೋಪಿಗಳನ್ನು ಕಿತ್ತು ಗಣಿ ವೈರಿನ ತುಂಡುಗಳಿಗೆ ಸಿಕ್ಕಿಸಿ ನಾನೇ ಜೋಡಿಸಿದೆ. ಮಟಮಟ ಬಿಸಿಲಿನಲ್ಲಿ ವ್ಯಾನು ಜಿಂಕೆಯಂತೆ ಓಡಿತು. ಅಂದು ಸಂಜೆಯೊಳಗೆ ಮೂವರಿಗೆ ಗಣಿ ವೈರಿನ ಸಲಹೆ ಕೊಟ್ಟೆ. ಅವರಲ್ಲಿ ಒಬ್ಬರ ಬಳಿ ಗಾಡಿಯೇ ಇರಲಿಲ್ಲ.

ಸೋಮವಾರ ಬೆಳಗ್ಗೆ ದಟ್ಟ ಮಂಜು. ಹಿಂದೆ ನಲವತ್ತು ಗಿಳಿ, ಮುಂದೆ ನಾವಿಬ್ಬರು. ಬಂಗಾರಪೇಟೆಯ ದಾರಿ ಅರ್ಧ ಕಳೆಯುವಷ್ಟರಲ್ಲಿ ವ್ಯಾನು ನಡುಗಿತು, ಬಿಕ್ಕಿತು, ಒಂದು ಹುಣಸೆಮರದ ಕೆಳಗೆ ನಿಂತಿತು. ಗಂಟೆ ಒಂಬತ್ತಾಗಿತ್ತು. ಬಾನೆಟ್ ಎತ್ತಿ ಮಂಜುಳಾಗೆ ಕೀಲಿ ತಿರುಗಿಸಲು ಹೇಳಿದೆ. ಒದ್ದೆಯಾದ ವೈರುಗಳ ಮೈಮೇಲೆಲ್ಲ ನೀಲಿ ಕಿಡಿಗಳು ಚಟಪಟ ಓಡಾಡಿದವು. ಒಂದನ್ನು ಸರಿಸೋಣವೆಂದು ಕೈಯಿಟ್ಟೆ. ಬಂಡೆ ಎಬ್ಬಿಸಿದ ವೈರು ನನ್ನನ್ನೂ ಎಬ್ಬಿಸಿತು.

“ಏನ್ರೀ ಅದು, ಅಲ್ಲಿ ದೀಪಾವಳಿ?” ಎಂದಳು ಮಂಜುಳಾ. ದನಿಯಲ್ಲಿ ತಮಾಷೆಯಿದ್ದರೂ ಕಣ್ಣಲ್ಲಿ ನೀರಿತ್ತು. ಅದನ್ನು ನೋಡಿದಾಗ ಬಡಿದ ಷಾಕು ವೈರಿನದಕ್ಕಿಂತ ದೊಡ್ಡದು.

ಅಷ್ಟರಲ್ಲಿ ಒಂದು ಲಗೇಜ್ ಆಟೋ ಬಂತು. ಅವಳು ಅಡ್ಡ ನಿಂತೇ ತಡೆದಳು. ಡ್ರೈವರು ಎಂಟುನೂರು ಕೇಳಿದ. ನನ್ನ ಬೆರಳುಗಳು ಇನ್ನೂ ಜುಮುಗುಡುತ್ತಿದ್ದವು, ಆದರೂ ಬಾಯಿ ತಾನಾಗಿ ತೆರೆದುಕೊಂಡಿತು: “ಐನೂರಕ್ಕೆ ಬರ್ತೀಯೇನಪ್ಪಾ?”

ಮಂಜುಳಾ ನನ್ನತ್ತ ತಿರುಗಲೂ ಇಲ್ಲ. “ಇನ್ನೂ ನೂರು ಸೇರ್ಸಿ ಒಂಬೈನೂರು ಕೊಡ್ತೀನಿ ಕಣಪ್ಪಾ. ಇವರನ್ನ ಇಲ್ಲೇ ಬಿಟ್ಟು ಓಗೋಣ.”

ಗಿಳಿಗಳು ಹೋದವು. ಮಂಜಿನಲ್ಲಿ ಮರೆಯಾಗುವವರೆಗೂ ಒಂದು ಕೆಂಪು ಕೊಕ್ಕು ಆಟೋದ ಹಿಂದಿನಿಂದ ನನ್ನನ್ನೇ ನೋಡುತ್ತಿತ್ತು.

ಕೇಳಿದ ಆರುನೂರನ್ನೂ ಚೌಕಾಸಿಯಿಲ್ಲದೆ ಕೊಟ್ಟು, ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿಸಿ ವ್ಯಾನನ್ನು ಸೀನಪ್ಪನ ಅಂಗಡಿಯ ಮುಂದೆ ತಂದಾಗ ಹನ್ನೊಂದೂವರೆ.

“ರಂಡನ್ನಾ, ಬನ್ನಿ” ಎಂದ ಸೀನಪ್ಪ. “ಚಪ್ಪಲಿ ಸರಿಯಾಯ್ತಾ?”

“ಸೆಟ್ಟು ಕೊಡಪ್ಪಾ. ಒಂಬೈನೂರೈವತ್ತೇ ತಗೋ.”

“ಅಮ್ಮ ಆಗ್ಲೇ ತಗೊಂಡವ್ರೆ.” ಒಳಗೆ ಸ್ಟೂಲಿನ ಮೇಲೆ ಮಂಜುಳಾ ಪೊಟ್ಟಣ ಹಿಡಿದು ಟೀ ಕುಡಿಯುತ್ತಿದ್ದಳು. ಗಿಳಿಗಳು ಹತ್ತಕ್ಕೆ ಹತ್ತು ನಿಮಿಷವಿರುವಾಗಲೇ ಶಾಲೆ ಸೇರಿದ್ದವು. ಯೂನಿಫಾರಂ ಆರ್ಡರೂ ಅವಳದಾಗಿತ್ತು. “ಯೂನಿಫಾರಂನ ಶಾಲೆಗೆ ಆ ಲಗೇಜ್ ಆಟೋದವನೇ ಸಾಗಿಸ್ತಾನೆ, ಮಾತಾಡ್ಬಿಟ್ಟಿದ್ದೀನಿ” ಎಂದಳು.

ನನ್ನ ಬಾಯಿಗೆ ಬಂದದ್ದು ಬೇರೆ ಪ್ರಶ್ನೆ. “ಎಷ್ಟಕ್ಕೆ ಕೊಟ್ಟ?”

“ಒಂಬೈನೂರು.”

“ನನಗೆ ಐವತ್ತು ಜಾಸ್ತಿ ಹೇಳಿದ್ದೆಯಲ್ಲೋ ಸೀನಪ್ಪಾ!”

“ಅಮ್ಮ ಕಮ್ಮಿ ಮಾಡು ಅಂತ ಕೇಳ್ಲೇ ಇಲ್ಲ ಅನ್ನಾ. ಕೇಳ್ದೆ ಇದ್ರೆ ನಮಗೇ ಕಮ್ಮಿ ಮಾಡ್ಬೇಕು ಅನ್ನಿಸ್ತದೆ.”

ಆದ್ದರಿಂದ ಓದುಗರೇ, ಹಳೆಯ ಗಾಡಿ ಇಟ್ಟುಕೊಂಡಿದ್ದರೆ ನನ್ನ ಮಾತು ಕೇಳಿ. ಪ್ಲಗ್ ವೈರನ್ನು ಸೆಟ್ಟಾಗಿಯೇ ಕೊಳ್ಳಿ, ನಿಮ್ಮ ಗಾಡಿಯ ಹೆಸರು, ವರ್ಷ ಹೇಳಿಯೇ ಕೊಳ್ಳಿ. ಹಳೆಯದೊಂದು ಕಿತ್ತು ಅದೇ ಜಾಗಕ್ಕೆ ಅಷ್ಟೇ ಉದ್ದದ ಹೊಸದೊಂದು ಹಾಕಿ, ಆಮೇಲೆ ಮುಂದಿನದಕ್ಕೆ ಕೈ ಹಚ್ಚಿ. ಎಲ್ಲ ಒಟ್ಟಿಗೆ ಕಿತ್ತರೆ ಯಾವುದು ಎಲ್ಲಿಯದೆಂದು ದೇವರೂ ಹೇಳಲಾರ. ಎಂಜಿನ್ ಓಡುವಾಗ ಬರಿಗೈಯಲ್ಲಿ ಮುಟ್ಟಬೇಡಿ. ಬಿಸಿಲಲ್ಲಿ ಓಡಿತೆಂದು ನಂಬಬೇಡಿ, ಮಂಜಿನಲ್ಲಿ ಓಡಿದರೆ ಮಾತ್ರ ಓಡಿದ ಹಾಗೆ. ಅಂಗಡಿಯಿಂದ ಎದ್ದು ಹೊರಡುವ ಮುನ್ನ ಛತ್ರಿಯನ್ನೋ ಕನ್ನಡಕವನ್ನೋ ಅಲ್ಲಿ ಮರೆತು ಬನ್ನಿ, ವಾಪಸು ಹೋಗಲು ಒಂದು ನೆಪವಿರುತ್ತದೆ. ಇನ್ನು ಆ ಗಣಿಯ ವೈರು ಈಗ ನಮ್ಮ ತಾರಸಿಯಲ್ಲಿ ಬಟ್ಟೆ ಒಣಗಿಸುತ್ತಿದೆ; ಮೈನಿಂಗ್ ಮಾಲು, ಒದ್ದೆ ಕಂಬಳಿಗೂ ಜಗ್ಗುವುದಿಲ್ಲ. ಇನ್ನೂ ಹತ್ತು ಮೀಟರು ಮಿಕ್ಕಿದೆ. ಬೇಕಾದವರು ಅಂಗಡಿಗೆ ಬನ್ನಿ, ದುಡ್ಡು ಬೇಡ. ಬರುವಾಗ ಒಂದು ಇಡ್ಲಿ ಪಾತ್ರೆ ತನ್ನಿ, ಅಷ್ಟೇ.