ಐದನೆಯ ಕಾಂಗ್ರೆಸ್ಸಿನ ಎಂಜಲು

ಸಿಟ್ಟು ಮಾಡಿಕೊಳ್ಳುವುದಕ್ಕೂ ಎದುರಿಗೆ ಯಾರಾದರೂ ಇರಬೇಕು. ಗಂಡನ ಮೇಲೆ ಸಿಟ್ಟು ಬಂದರೆ ಪಾತ್ರೆ ಕುಕ್ಕಬಹುದು, ಮಗಳ ಮೇಲೆ ಬಂದರೆ ಟೀವಿ ಆರಿಸಬಹುದು, ಲ್ಯಾಬಿನಲ್ಲಿ ಮೇಲಧಿಕಾರಿಯ ಮೇಲೆ ಬಂದರೆ ಮನೆಗೆ ಬಂದು ಗಂಡನೆದುರು ಮತ್ತೆ ಅದೇ ಪಾತ್ರೆ ಕುಕ್ಕಬಹುದು. ಆದರೆ ಎಂದೋ ಸತ್ತು ಮಣ್ಣಾದ ಗಂಡಸರ ಒಂದು ದೊಡ್ಡ ಗುಂಪಿನ ಮೇಲೆ ಸಿಟ್ಟು ಬಂದರೆ ಏನನ್ನು ಕುಕ್ಕುವುದು? ಈ ವಸಂತದಲ್ಲಿ ನನಗೆ ಬಂದದ್ದು ಅಂಥ ಸಿಟ್ಟು. ಅಮೆರಿಕದ ಐದನೆಯ ಕಾಂಗ್ರೆಸ್ಸಿನ ಮೇಲೆ. ಕಾಂಗ್ರೆಸ್ ಎಂದೊಡನೆ ನಿಮಗೆ ಖಾದಿ ಟೋಪಿಯೋ ಬೇಕರಿಯ ಖಾರದ ಕಡಲೆಬೀಜವೋ ನೆನಪಾದರೆ ತಪ್ಪಿಲ್ಲ, ನನಗೂ ಮೊದಮೊದಲು ಹಾಗೇ ಆಗುತ್ತಿತ್ತು. ಇಲ್ಲಿ ಕಾಂಗ್ರೆಸ್ ಎಂದರೆ ಪಾರ್ಲಿಮೆಂಟು. ಎರಡು ವರ್ಷಕ್ಕೊಮ್ಮೆ ಹೊಸದು ಕೂಡುತ್ತದೆ, ಅದಕ್ಕೊಂದು ನಂಬರು ಬೀಳುತ್ತದೆ. ಐದನೆಯದು ಕೂತದ್ದು ಇನ್ನೂರು ವರ್ಷದ ಹಿಂದೆ, ಆಗಿನ ರಾಜಧಾನಿ ಫಿಲಡೆಲ್ಫಿಯಾದಲ್ಲಿ. ನಾನು ಅದೇ ಊರಿನ ಜರ್ಮನ್‌ಟೌನ್ ಬಡಾವಣೆಯ ಅಪಾರ್ಟ್‌ಮೆಂಟಿನಲ್ಲಿ ಹುಳಿಗೆ ಒಗ್ಗರಣೆ ಹಾಕುತ್ತಾ ಅವರನ್ನು ಶಪಿಸುವಂತಾದದ್ದು ಹೇಗೆಂದು ಹೇಳುತ್ತೇನೆ.

ನನ್ನ ಮಗಳು ಮೇಘಾ ಐದನೆಯ ಕ್ಲಾಸು. ಸ್ಕೂಲಿನ ನಾಟಕಗಳಲ್ಲಿ ಅವಳಿಗೆ ಇದುವರೆಗೆ ಸಿಕ್ಕ ಪಾತ್ರಗಳೆಂದರೆ ಒಂದು ವರ್ಷ ಕುಂಬಳಕಾಯಿ, ಇನ್ನೊಂದು ವರ್ಷ ಮೋಡ. ಎರಡಕ್ಕೂ ಮಾತಿಲ್ಲ. ಮೋಡಕ್ಕಂತೂ ಮುಖವೂ ಇರಲಿಲ್ಲ. ಅವಳೆಂದೂ ದೂರು ಹೇಳಿದವಳಲ್ಲ. ಆದರೆ ಇತರ ಮಕ್ಕಳು ಮಾತಾಡುವಾಗ ಮೋಡದೊಳಗೆ ಅವಳ ತುಟಿ ಅಲ್ಲಾಡುತ್ತಿದ್ದದ್ದು ನನಗೆ ಗೊತ್ತು, ಎಲ್ಲರ ಮಾತೂ ಅವಳಿಗೆ ಬಾಯಿಪಾಠ. ಈ ವರ್ಷ ಟೀಚರು ಇನ್ನೂರು ವರ್ಷ ತುಂಬಿತೆಂದು ಐದನೆಯ ಕಾಂಗ್ರೆಸ್ಸನ್ನೇ ಕ್ಲಾಸಿನಲ್ಲಿ ಕೂರಿಸುವುದೆಂದು ನಿಶ್ಚಯಿಸಿದರು. ಮೇಘಾ ಬಸ್ಸಿಳಿದು ಓಡಿ ಬಂದಳು. ಬೂಟನ್ನೂ ಬಿಚ್ಚಲಿಲ್ಲ.

"ಅಮ್ಮಾ, ಐ ಗಾಟ್ ವರ್ಮಾಂಟ್! ಲೀಡ್ ರೋಲ್! ನಾನು ರೋಹಿತ್ ಫೇಸ್ ಮೇಲೆ ಸ್ಪಿಟ್ ಮಾಡ್ತೀನಿ!"

ವಿಷಯ ಹೀಗೆ. ಆ ಮಹಾಸಭೆಯಲ್ಲಿ ಕನೆಕ್ಟಿಕಟ್ ರಾಜ್ಯದ ಒಬ್ಬ ಸದಸ್ಯ ವರ್ಮಾಂಟ್ ರಾಜ್ಯದ ಒಬ್ಬ ಸದಸ್ಯನನ್ನು ಯುದ್ಧದಲ್ಲಿ ಹೇಡಿಯಾಗಿದ್ದವನೆಂದು ಹಂಗಿಸಿದ. ವರ್ಮಾಂಟಿನವನು ಅವನ ಮುಖಕ್ಕೆ ಉಗುಳಿದ. ಕೆಲವು ದಿನ ಬಿಟ್ಟು ಕನೆಕ್ಟಿಕಟ್ಟಿನವನು ದೊಣ್ಣೆ ತಂದು ಸಭೆಯ ನಡುವೆಯೇ ಇವನನ್ನು ಬಾರಿಸಿದ. ಇವನು ಅಗ್ಗಿಷ್ಟಿಕೆಯ ಬಳಿಯಿದ್ದ ಇಕ್ಕಳ ಹಿಡಿದು ತಿರುಗಿ ಬಿದ್ದ. ಇಬ್ಬರೂ ನೆಲದ ಮೇಲೆ ಹೊರಳಾಡಿದರು. ಬಿಡಿಸಲು ಬಂದವರು ಕಾಲು ಹಿಡಿದು ಎಳೆದರಂತೆ. ದೇಶ ಕಟ್ಟಿದವರೆಂದು ನೋಟಿನ ಮೇಲೆ ಗಂಭೀರವಾಗಿ ಕೂತ ಮುಖಗಳನ್ನೇ ನೋಡಿದ್ದ ನನಗೆ ಇದು ನಮ್ಮ ಕನ್ನಡ ಕೂಟದ ವಾರ್ಷಿಕ ಸಭೆಗಿಂತ ಒಂದು ಮಟ್ಟ ಕೆಳಗೆ ಅನ್ನಿಸಿತು. ಅಲ್ಲಿ ಇದುವರೆಗೆ ಮೈಕು ಕಿತ್ತುಕೊಂಡದ್ದಷ್ಟೇ.

ನನಗೆ ಮೈ ಉರಿದುಹೋಯಿತು. ಉಗುಳುವುದೆಂದರೇನು! ನಾವು ಲೋಟವನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯುವ ಜನ. ಬಡಿಸುವಾಗ ಸೌಟು ಎಲೆಗೆ ತಾಗಿದರೆ ಅತ್ತೆಯವರು ಸೌಟನ್ನು ತೊಳೆಯುವುದಕ್ಕೆ ಮೊದಲು ನನ್ನನ್ನು ತೊಳೆಯುತ್ತಿದ್ದರು. ಅದೂ ರೋಹಿತ್ ಯಾರು? ವಸಂತಿಯ ಮಗ. ಈ ಊರಿಗೆ ಬಂದ ಮೊದಲ ದಿನ ನಮಗೆ ಅನ್ನ ಸಾರು ತಂದುಕೊಟ್ಟವಳು ವಸಂತಿ. ನನಗೆ ಜ್ವರ ಬಂದರೆ ಮೇಘಾ ಊಟ ಮಾಡುವುದು ಅವರ ಮನೆಯಲ್ಲಿ. ಅವಳ ಮಗನ ಮುಖಕ್ಕೆ ನನ್ನ ಮಗಳ ಎಂಜಲೇ? ಇದನ್ನೆಲ್ಲ ನನ್ನ ಯಜಮಾನರಿಗೆ ಹೇಳಿದರೆ ಅವರು ಪೇಪರಿನಿಂದ ತಲೆ ಎತ್ತದೆ, "ಅಲ್ಲ ಕಣೇ, ದಿನಾ ಲ್ಯಾಬಲ್ಲಿ ಊರೋರ ಎಂಜಲನ್ನೇ ಟ್ಯೂಬಲ್ಲಿ ಹಾಕ್ಕೊಂಡು ಟೆಸ್ಟ್ ಮಾಡ್ತೀಯ. ಸಂಬಳ ಕೊಡೋದೇ ಅದಕ್ಕೆ. ಮಗಳು ಒಂದ್ಸಲ ತೂ ಅಂದ್ರೆ ಏನಾಗೋಯ್ತು?" ಅಂದರು. ಮಾತು ನಿಜ. ಆದರೆ ನಾನು ಗ್ಲೌಸ್ ಹಾಕಿಕೊಂಡಿರುತ್ತೇನೆ. ಮತ್ತೆ ಆ ಎಂಜಲುಗಳಲ್ಲಿ ಯಾವುದೂ ವಸಂತಿಯ ಮಗನ ಮುಖಕ್ಕೆ ಹೋಗುವುದಿಲ್ಲ.

ಮರುದಿನವೇ ಟೀಚರನ್ನು ನೋಡಲು ಹೋದೆ. ಕಾರಿನಲ್ಲಿ ದಾರಿಯುದ್ದಕ್ಕೂ ಭಾಷಣ ಸಿದ್ಧಮಾಡಿಕೊಂಡಿದ್ದೆ. ಆಕೆ ಮೊದಲ ಮಾತಿಗೇ, ಯಾರೂ ನಿಜವಾಗಿ ಉಗುಳುವುದಿಲ್ಲ, ಅಂಗೈಯಲ್ಲಿ ಒದ್ದೆ ಸ್ಪಾಂಜು ಬಚ್ಚಿಟ್ಟುಕೊಂಡು ನೀರು ಚಿಮ್ಮಿಸುವುದಷ್ಟೇ ಎಂದು ನಕ್ಕರು. ನಾನು ಅಲ್ಲಿಗೇ ಥ್ಯಾಂಕ್ಸ್ ಹೇಳಿ ಎದ್ದು ಬರಬೇಕಿತ್ತು. ಆದರೆ ಸಿದ್ಧಮಾಡಿಕೊಂಡ ಭಾಷಣವನ್ನು ಏನು ಮಾಡುವುದು? ಫ್ರಿಜ್ಜಿನಲ್ಲಿಟ್ಟರೆ ಕೆಡದೆ ಇರುವಂಥದ್ದಲ್ಲ ಅದು. ಎಂಜಲು ಎಂಬ ಮಾತಿಗೆ ಇಂಗ್ಲಿಷಿನಲ್ಲಿ ಪದವೇ ಇಲ್ಲವೆಂದು ಶುರುಮಾಡಿ, ಬಾಳೆ ಎಲೆ, ಎಡಗೈ, ಬಲಗೈ, ನಮ್ಮ ಅತ್ತೆ, ಸೌಟು ಎಲ್ಲವನ್ನೂ ದಾಟಿ, ಕೊನೆಗೆ "ನಮ್ಮ ಸಂಸ್ಕೃತಿಯಲ್ಲಿ" ಎಂದು ಎದೆಯುಬ್ಬಿಸಿ ಮುಗಿಸಿದೆ. ಈಗಿನ ಟೀಚರುಗಳಿಗೆ ಸಂಸ್ಕೃತಿ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಬೆಂಕಿಯ ಅಲಾರಮ್ ಹೊಡೆದ ಹಾಗೆ. ಆಕೆಯ ನಗು ನಿಂತುಹೋಯಿತು. ನನ್ನ ಎರಡೂ ಕೈ ಹಿಡಿದುಕೊಂಡು, ಹೇಳಿದ್ದು ಬಹಳ ಒಳ್ಳೆಯದಾಯಿತು, ಕೂಡಲೇ ಸರಿಪಡಿಸುತ್ತೇನೆ ಅಂದರು. ಗೆದ್ದೆನೆಂದು ಕಾರಿನಲ್ಲಿ ಗುನುಗುತ್ತಾ ಬಂದೆ.

ಸರಿಪಡಿಸಿದ್ದು ಹೇಗೆಂದರೆ, ಇಬ್ಬರ ಪಾತ್ರಗಳನ್ನು ಅದಲುಬದಲು ಮಾಡಿದರು. ರೋಹಿತ್ ವರ್ಮಾಂಟು, ಮೇಘಾ ಕನೆಕ್ಟಿಕಟ್ಟು. ಅಂದರೆ ಈಗ ರೋಹಿತ್ ನನ್ನ ಮಗಳ ಮುಖಕ್ಕೆ ಉಗುಳುತ್ತಾನೆ! ಟೀಚರಿಗೆ ಫೋನು ಮಾಡಿದರೆ, ನಿಮ್ಮ ಸಂಸ್ಕೃತಿಯಲ್ಲಿ ಉಗುಳಬಾರದು ಅಂದಿರಿ, ಉಗುಳಿಸಿಕೊಳ್ಳುವುದರ ಬಗ್ಗೆ ಏನೂ ಅನ್ನಲಿಲ್ಲವಲ್ಲ ಎಂದು ತುಂಬ ವಿನಯದಿಂದ ಕೇಳಿದರು. ರೋಹಿತನದೂ ಅದೇ ಸಂಸ್ಕೃತಿಯಲ್ಲವೇ ಎಂದರೆ, ಅವನ ತಾಯಿಯನ್ನು ಕೇಳಿದೆ, ಅವರು ತೊಂದರೆಯಿಲ್ಲ ಎಂದರು ಅಂದರು. ಇನ್ನೇನು, ವಸಂತಿಗೇ ಫೋನು ತಿರುಗಿಸಿದೆ.

"ವಸಂತಿ, ನಿನ್ ಮಗ ನನ್ ಮಗಳ ಮುಖಕ್ಕೆ ಉಗುಳೋದು ನಿಂಗೆ ಸರಿ ಕಾಣುತ್ತೇನೇ?"

"ಹಿಂದಿನ ವಾರ ನಿನ್ ಮಗಳು ನನ್ ಮಗನಿಗೆ ಉಗುಳೋಳಿದ್ಳು. ನಾನೇನಾದ್ರೂ ಫೋನ್ ಮಾಡಿದ್ನಾ?"

"ಅದನ್ನ ತಪ್ಪಿಸ್ಬೇಕು ಅಂತಾನೇ ಅಲ್ವಾ ನಾನು ಹೋಗಿದ್ದು!"

"ನಿನ್ನ ಯಾರು ಹೋಗು ಅಂದ್ರು ಶೈಲಾ? ಸ್ಪಾಂಜ್ ನೀರಿಗೆ ಇಷ್ಟು ರಂಪ ಮಾಡಿದ್ಯಲ್ಲ. ಈಗ ಟೀಚರ್ ಸಿಕ್ಕಾಗೆಲ್ಲ ನಂಗೆ ಬಾಳೆ ಎಲೆ ವಿಷಯ ಕೇಳ್ತಾಳೆ."

ಫೋನಿಟ್ಟಳು. ಇಷ್ಟು ವರ್ಷದಲ್ಲಿ ಅವಳು ನನಗಿಂತ ಮೊದಲು ಫೋನಿಟ್ಟದ್ದು ಅದೇ ಮೊದಲು.

ಆದರೆ ಹೆಚ್ಚು ನಾಟಿದ್ದು ಮೇಘಾಳ ಮೌನ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಅವಳು ಏನು ಕೇಳಿದರೂ "ಫೈನ್" ಅನ್ನುತ್ತಿದ್ದಳು. ಪಾತ್ರಕ್ಕೆಂದು ನನ್ನ ಅಡಿಗೆಮನೆಯಿಂದ ಎತ್ತಿಟ್ಟುಕೊಂಡಿದ್ದ ಇಕ್ಕಳವನ್ನು ತಾನೇ ತೆಗೆದುಕೊಂಡು ಹೋಗಿ ರೋಹಿತನಿಗೆ ಕೊಟ್ಟು ಬಂದಳು. ತಾನು ಕನೆಕ್ಟಿಕಟ್ಟಿನ ದೊಣ್ಣೆಗೆಂದು ಗಿಫ್ಟ್ ಪೇಪರು ಸುತ್ತಿ ಬರುವ ರಟ್ಟಿನ ಕೊಳವೆ ಹುಡುಕಿಕೊಂಡಳು. ಮೈಸೂರಿನಿಂದ ತಂದ ಬತ್ತಿಯ ಹತ್ತಿಯನ್ನೆಲ್ಲ ಅಂಟಿಸಿ ನಾನು ವಿಗ್ಗು ಮಾಡಿಕೊಟ್ಟೆ. ದೇವರ ಮುಂದೆ ಒಂದು ವಾರ ಪೇಪರ್ ಟವಲಿನ ಬತ್ತಿ ಉರಿಯಿತು. ವಿಗ್ಗು ನೋಡಿಯೂ "ಫೈನ್."

ಸಾಲದು ಎಂಬಂತೆ, ಅವಳ ಸಾಲುಗಳನ್ನು ಕೇಳಿಸಿಕೊಳ್ಳೋಣವೆಂದು ಸ್ಕೂಲಿನ ಪುಸ್ತಕ ತಿರುವಿದೆ. ಇವರು ಬರೀ ಉಗುಳಿ ಹೊರಳಾಡಿದ್ದರೆ ಕ್ಷಮಿಸಬಹುದಿತ್ತು. ಅದೇ ವರ್ಷ ಅದೇ ಜನ ಕೂತು ಒಂದು ಕಾನೂನು ಮಾಡಿದರಂತೆ: ಹೊರದೇಶದಿಂದ ಬಂದವರು ಇಲ್ಲಿನ ಪ್ರಜೆಯಾಗಬೇಕಾದರೆ ಐದು ವರ್ಷ ಇದ್ದರೆ ಸಾಲದು, ಹದಿನಾಲ್ಕು ವರ್ಷ ಇರಬೇಕು! ನನ್ನ ಕೈಯಿಂದ ಪುಸ್ತಕ ಜಾರಿತು. ನಮ್ಮ ಗ್ರೀನ್ ಕಾರ್ಡಿಗೆ ಐದು ವರ್ಷ ತುಂಬುವುದು ಇನ್ನೇನು ಬಂತು, ಸಿಟಿಜನ್‌ಶಿಪ್ಪಿಗೆ ಅಪ್ಲೈ ಮಾಡಬೇಕೆಂದು ನಾನು ಕಾಯುತ್ತಿದ್ದೇನೆ. ಒಮ್ಮೆ ಮಾಡಿದವರು ಮತ್ತೊಮ್ಮೆ ಮಾಡಲಾರರೇ? ನಾನು ಅಪ್ಲೈ ಮಾಡಲು ಹೋದ ದಿನವೇ ಈಗಿನ ಕಾಂಗ್ರೆಸ್ಸಿನಲ್ಲಿ ಕೂತವರಿಗೆ ಇದು ನೆನಪಾದರೆ? "ನಿನ್ನ ಅಪ್ಲಿಕೇಶನ್ ತಡೆಯೋಕೆ ಇನ್ನೂರು ವರ್ಷದ ಹಿಂದೇನೇ ಕೂತ್ಕೊಂಡ್ರಾ ಅವರು?" ಎಂದು ಯಜಮಾನರು ನಕ್ಕರು. ನಗುವವರು ನಗಲಿ. ಉಗುಳಿದ ಬಾಯಿ, ಹೊಡೆದ ಕೈ, ಎಲ್ಲ ಸೇರಿಕೊಂಡೇ ಮಾಡಿದ ಕಾನೂನು ಇದು ಎಂದು ನಾನು ತೀರ್ಮಾನಿಸಿದೆ. ಯಾರು ಪರ ಇದ್ದರು, ಯಾರು ವಿರೋಧ ಇದ್ದರು ಎಂದು ಮುಂದಿನ ಪುಟ ತಿರುವಿ ನೋಡುವ ವ್ಯವಧಾನ ಸಿಟ್ಟಿಗೆಲ್ಲಿಂದ ಬರಬೇಕು?

ನಾಟಕದ ದಿನ ಅಪ್ಪ ಅಮ್ಮಂದಿರನ್ನೆಲ್ಲ ಪ್ರೇಕ್ಷಕರ ಗ್ಯಾಲರಿಯೆಂದು ಹಿಂದಿನ ಸಾಲಿನಲ್ಲಿ ಪುಟ್ಟ ಪುಟ್ಟ ಕುರ್ಚಿಗಳ ಮೇಲೆ ಕೂರಿಸಿದರು. ವಸಂತಿ ಆ ತುದಿಗೆ, ನಾನು ಈ ತುದಿಗೆ. ರೋಹಿತ್ ಸ್ಪಾಂಜು ಹಿಂಡಿದ. ಮೇಘಾಳ ಮೂಗಿನ ಮೇಲೆ ಎರಡು ಹನಿ ಬಿತ್ತು. ಅವಳು ರಟ್ಟಿನ ಕೊಳವೆಯಿಂದ ಅವನಿಗೆ ಹೊಡೆದ ರಭಸದಲ್ಲಿ ಅಭಿನಯ ಎಷ್ಟಿತ್ತೋ ನನಗೆ ಅನುಮಾನ. ನನ್ನ ಇಕ್ಕಳವನ್ನು ಎತ್ತಿ ಹಿಡಿದು ರೋಹಿತ್ ಕೂಗಿದಾಗ ಇಡೀ ಕ್ಲಾಸು ಚಪ್ಪಾಳೆ ಹೊಡೆಯಿತು. ಆ ಚಪ್ಪಾಳೆ ನನ್ನ ಮಗಳದಾಗಬೇಕಿತ್ತು. ಅವಳು ಪಕ್ಕದಲ್ಲಿ ವಿಗ್ಗು ಸರಿಮಾಡಿಕೊಳ್ಳುತ್ತಾ ನಿಂತಿದ್ದಳು. ಅವಳ ತುಟಿ ಅಲ್ಲಾಡುತ್ತಿತ್ತು, ರೋಹಿತನ ಮಾತುಗಳಿಗೆ.

ಆಮೇಲೆ ಬಂತು ಹದಿನಾಲ್ಕು ವರ್ಷದ ಮಸೂದೆ. ಹೊರಗಿನಿಂದ ಬಂದವರನ್ನು ನಂಬಬಾರದೆಂದು ಮೇಘಾಳ ಪಕ್ಷದ ಒಬ್ಬ ಹುಡುಗ ಭಾಷಣ ಮಾಡಿದ. ವರ್ಮಾಂಟಿನ ರೋಹಿತ್ ಎದ್ದು, ನಾನೂ ಹುಡುಗನಾಗಿ ಐರ್ಲೆಂಡಿನಿಂದ ಹಡಗಿನಲ್ಲಿ ಬಂದವನು, ನನ್ನಂಥವರಿಗೆ ಬಾಗಿಲು ಮುಚ್ಚಬೇಡಿ ಅಂದ. ಅಂದರೆ ಆ ಉಗುಳಿದವನೇ ನಮ್ಮವನು! ನಾನು ಮಗಳನ್ನು ಬಿಡಿಸಿ ತಂದು ಕೂರಿಸಿದ್ದು ಅವನೆದುರಿನ ಬೆಂಚಿನಲ್ಲಿ! ಸ್ಪೀಕರಾಗಿದ್ದ ಟೀಚರು ಒಬ್ಬೊಬ್ಬರನ್ನೇ ಕರೆದು ವೋಟು ಕೇಳತೊಡಗಿದರು. "ಕನೆಕ್ಟಿಕಟ್?" ಮೇಘಾ ಎದ್ದು ನಿಂತಳು. ಸ್ಪೀಕರನ್ನು ನೋಡಲಿಲ್ಲ. ಗ್ಯಾಲರಿಯಲ್ಲಿದ್ದ ನನ್ನನ್ನೇ ನೆಟ್ಟ ನೋಟದಿಂದ ನೋಡುತ್ತಾ, ಕುಂಬಳಕಾಯಿ ಮತ್ತು ಮೋಡದ ಎಲ್ಲ ವರ್ಷಗಳ ದನಿಯನ್ನೂ ಒಟ್ಟುಗೂಡಿಸಿ ಹೇಳಿದಳು:

"ಆಯ್!"

ಅಂದರೆ ಹೌದು. ನನ್ನ ಹೆತ್ತ ಮಗಳು. ನನಗೇ ಗೊತ್ತಿಲ್ಲದಂತೆ ನನ್ನ ಕೈ ಮೇಲೆದ್ದಿತ್ತು. ಬಾಯಿಂದ "ನೋ" ಎಂದೂ ಬಂತು. ಎಲ್ಲರೂ ಹಿಂತಿರುಗಿ ನೋಡಿದರು. ಟೀಚರು ನನ್ನ ಸಂಸ್ಕೃತಿಗೆ ಸಲ್ಲಬೇಕಾದ ಗೌರವವನ್ನೆಲ್ಲ ಸಲ್ಲಿಸುತ್ತಾ ಮೆಲ್ಲಗೆ ಹೇಳಿದರು: "ಕ್ಷಮಿಸಿ, ಗ್ಯಾಲರಿಯಲ್ಲಿ ಕೂತವರಿಗೆ ವೋಟಿಲ್ಲ." ಮಸೂದೆ ಪಾಸಾಯಿತು.

ಹೊರಗೆ ಬಂದ ಮೇಲೆ ಮೇಘಾಳ ಮೂಗನ್ನು ಸೆರಗಿನಿಂದ ಒರೆಸುತ್ತಾ, "ಯಾಕೆ ಪುಟ್ಟಿ, ಅಮ್ಮ ಇಲ್ಲಿ ಇರೋದು ಬೇಡ್ವಾ ನಿಂಗೆ?" ಅಂದೆ.

"ಯು ಪಿಕ್ಡ್ ಮೈ ಸೈಡ್, ಅಮ್ಮಾ," ಅಂದಳು.

ಪಕ್ಕದಲ್ಲಿ ವಸಂತಿ ನನ್ನ ಇಕ್ಕಳ ಹಿಡಿದು ನಿಂತಿದ್ದಳು. "ತಗೋ ಮಾರಾಯ್ತಿ. ಉಗುಳಿದ್ರೂ ನನ್ ಮಗಾನೇ ನಿನ್ ಕಡೆ ವೋಟ್ ಹಾಕಿದ್ದು ಅನ್ನೋದನ್ನ ಮರೀಬೇಡ" ಎಂದು ನಗುತ್ತಾ ಕೈಗೆ ಕೊಟ್ಟಳು. ಅಲ್ಲಿಗೆ ಆ ಜಗಳ ಮುಗಿಯಿತು.

ಮನೆಗೆ ಬರುವ ದಾರಿಯಲ್ಲಿ ಯಜಮಾನರು ಸಮಾಧಾನ ಹೇಳಿದರು. ಆ ಕಾನೂನು ಬಹಳ ದಿನ ನಿಲ್ಲಲಿಲ್ಲವಂತೆ. ಮುಂದೆ ಬಂದ ಇನ್ನೊಂದು ಕಾಂಗ್ರೆಸ್ಸು ನಾಲ್ಕೇ ವರ್ಷಕ್ಕೆ ಅದನ್ನು ತೆಗೆದುಹಾಕಿ ಮತ್ತೆ ಐದಕ್ಕೇ ಇಳಿಸಿತಂತೆ. ದೇಶದ ಚಿಂತೆ ಅಷ್ಟಕ್ಕೆ ತೀರಿತು. ಆದರೆ ಹಿಂದಿನ ಸೀಟಿನಲ್ಲಿ ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದ ಸದಸ್ಯೆಯ ಬಳಿ ನನ್ನದೊಂದು ಕ್ಷಮೆಯ ಅರ್ಜಿ ಬಿದ್ದಿದೆ. ಕಾಯಬೇಕಾದದ್ದು ಐದು ವರ್ಷವೋ, ಹದಿನಾಲ್ಕೋ, ಅವಳು ಇನ್ನೂ ಹೇಳಿಲ್ಲ. ಮೊನ್ನೆ ಧೈರ್ಯ ಮಾಡಿ ಕೇಳಿದ್ದಕ್ಕೆ, "ಫೈನ್" ಅಂದಳು.