ಮುಕ್ಕಣ್ಣ ಮುಚ್ಚಳ

ಸಂಘದ ಹಳೆಯ ಕಾರಿನ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಸವೆದಿದೆ ಎಂಬುದನ್ನು ರೇಷ್ಮೆ ಹುರಿಗಾರರ ಸಂಘದ ಆಡಳಿತ ಮಂಡಳಿಯು ಸರ್ವಾನುಮತದಿಂದ ಅಂಗೀಕರಿಸಿತು. ಪೆಟ್ರೋಲು ಕಡಿಮೆಯಾಗುತ್ತಿರುವುದಕ್ಕೆ ಕಾರಣ ಮುಚ್ಚಳವೋ ಡ್ರೈವರ್ ಬೈಲಪ್ಪನೋ ಎಂಬುದು ಹೊಸ ಮುಚ್ಚಳ ಹಾಕಿದ ಮೇಲೆ ತೀರ್ಮಾನವಾಗತಕ್ಕದ್ದು, ಅಲ್ಲಿಯವರೆಗೆ ಬೈಲಪ್ಪನನ್ನು ತಾತ್ಕಾಲಿಕವಾಗಿ ಕಳ್ಳನೆಂದು ಭಾವಿಸತಕ್ಕದ್ದು ಎಂದೂ ಠರಾವಾಯಿತು.

ತಿರುವು ಬಂದಲ್ಲೆಲ್ಲ ಪೆಟ್ರೋಲು ಚೆಲ್ಲುವುದು ಬೈಲಪ್ಪನಿಗೆ ಗೊತ್ತಿತ್ತು. ಅದನ್ನು ಒರೆಸಿ ಒರೆಸಿ ಮೈಗೆ ಹತ್ತಿದ ನಾತ ತಾಳಲಾರದೆ ಹೆಂಡತಿ ಮುನಿತಾಯಮ್ಮ ಅವನ ಅಂಗಿಯನ್ನು ಬೇರೆಯಾಗಿಯೇ ಒಗೆಯುತ್ತಿದ್ದಳು. ಒಂದು ಮುಚ್ಚಳ ಬಂದರೆ ಮಾನ ಉಳಿದೀತು ಎಂದುಕೊಂಡು ಅವನು ಹಳೆಯದನ್ನು ಕಳಚಿ, ನಿಯಮದಂತೆ ಕಾರ್ಯದರ್ಶಿ ಗೋವಿಂದರಾಜು ಅವರ ಮೇಜಿನ ಮೇಲಿಟ್ಟ.

"ಹೊಸದು ಕೊಡಿ ಸಾ."

"ಗಾಡೀನ ದೊಡ್ಡಬಳ್ಳಾಪುರಕ್ಕೆ ತಗೊಂಡೋಗಿ, ಅಳತೆ ನೋಡಿ ತರ್ಬೇಕು ಕಣಪ್ಪಾ."

"ಸರಿ, ಹೋಗ್ಬರ್ತೀನಿ."

"ಮುಚ್ಚಳ ಇಲ್ದೆ ಗಾಡಿ ಗೇಟು ದಾಟೋ ಹಂಗಿಲ್ವಲ್ಲ."

"ಹಂಗಾದ್ರೆ ಹಳೇದೇ ಕೊಡಿ."

"ಅದನ್ನ ಗುಜರಿಗೆ ಬರೆದಾಯ್ತು. ಇಷ್ಟು ವರ್ಷ ಕೆಲ್ಸ ಮಾಡಿದ್ದೀಯ, ಇದೂ ಗೊತ್ತಾಗ್ಬೇಡ್ವಾ?"

ಆಯುಧಪೂಜೆ ಬಂದರೂ ಕಾರು ಅಲ್ಲೇ ನಿಂತಿತ್ತು. ಪೂಜೆ ಮಾಡಿ ತೆಂಗಿನಕಾಯಿ ಒಡೆದರು. ಕಣ್ಣಿಲ್ಲದ ಹೋಳು ಚಟ್ನಿಗೆಂದು ಕಾರ್ಯದರ್ಶಿಗಳ ಮನೆಗೆ ಹೋಯಿತು. ಕಣ್ಣಿರುವ ಹೋಳು ಬೈಲಪ್ಪನ ಪಾಲಿಗೆ ಬಂತು. ಅವನು ಕಾಯಿ ತಿಂದು, ಚಿಪ್ಪನ್ನು ಟ್ಯಾಂಕಿನ ಬಾಯಿಗೆ ಕವುಚಿದ. ಹೇಳಿ ಮಾಡಿಸಿದ ಹಾಗೆ ಕೂತಿತು. ಗೇಟಿನವನು ಬಗ್ಗಿ ನೋಡಿ ಬಿಟ್ಟ. ಮುಚ್ಚಳ ಇರಬೇಕೆಂದು ನಿಯಮವಿತ್ತೇ ಹೊರತು, ಯಾವುದರದು ಎಂದು ಇರಲಿಲ್ಲ.

ಬೈಲಪ್ಪ ಹೊಸ ಮುಚ್ಚಳ ತಂದು, ಚಿಪ್ಪಿಗೆ ಕೈಹಾಕಿದಾಗ ಅಧ್ಯಕ್ಷೆ ಆಶಾರಾಣಿಯವರು ಕಾರಿನ ಬಳಿ ಬಂದರು.

"ಅರಿಶಿನ ಕುಂಕುಮ ಬಿದ್ದಿರೋ ಚಿಪ್ಪು. ಕಿತ್ತಾಕ್ತೀಯಾ?"

"ಕಣ್ಣಲ್ಲಿ ಪೆಟ್ರೋಲು ಸೋರ್ತದೆ ಮೇಡಂ."

"ಸೋರ್ಲಿ. ಮುಕ್ಕಣ್ಣ ಅಲ್ವೇನಪ್ಪಾ ಅದು."

ಕಾರ್ಯದರ್ಶಿಗಳು ಸ್ವಲ್ಪ ಯೋಚಿಸಿ, ಅಂದೇ ಸುತ್ತೋಲೆ ಹೊರಡಿಸಿದರು. ಚಿಪ್ಪು ತೆಗೆಯುವವರು, ಬಂಕಿನವರೂ ಸೇರಿದಂತೆ, ಚಪ್ಪಲಿ ಕಳಚತಕ್ಕದ್ದು. ಸೋರುವ ಪೆಟ್ರೋಲನ್ನು ಅಭಿಷೇಕವೆಂದು ಪರಿಗಣಿಸತಕ್ಕದ್ದು. ಅಭಿಷೇಕಕ್ಕೆ ಯಾರನ್ನೂ ಹೊಣೆ ಮಾಡತಕ್ಕದ್ದಲ್ಲ.

ಹೀಗೆ ಬೈಲಪ್ಪನ ತಾತ್ಕಾಲಿಕ ಕಳ್ಳತನ ರದ್ದಾಯಿತು. ಹೊಸ ಮುಚ್ಚಳ ಬೀರು ಸೇರಿತು.

ಸೋಮವಾರಗಳಂದು ಅಭಿಷೇಕ ಕೊಂಚ ಹೆಚ್ಚು. ಆ ದಿನ ಗೋವಿಂದರಾಜು ಅವರು ಸ್ಕೂಟರನ್ನು ಕಾರಿನ ಪಕ್ಕ ನಿಲ್ಲಿಸಿ, ಚಪ್ಪಲಿ ಬಿಟ್ಟು, ರಬ್ಬರ್ ಪೈಪು ಹಿಡಿದು ಬರುತ್ತಾರೆ. ಬೈಲಪ್ಪ ಚಿಪ್ಪನ್ನು ಎರಡೂ ಕೈಯಲ್ಲಿ ಹಿಡಿದು ನಿಲ್ಲುತ್ತಾನೆ. ಮೊದಲ ಸೋಮವಾರ ಮಾತ್ರ ಅವನು ಕೇಳಿದ್ದ.

"ಸಾ, ಇದು?"

"ತೀರ್ಥ ಕಣಪ್ಪಾ. ನಿನ್ ಗಾಡೀನೂ ತಗೊಂಬಾ."

"ನಂದು ಸೈಕಲ್ಲು ಸಾ."

"ಹಂಗಾದ್ರೆ ಮೈಮೇಲೆ ಒಂದಿಷ್ಟು ಚಿಮುಕಿಸ್ಕೋ."

ಮುನಿತಾಯಮ್ಮ ಈಗಲೂ ಅವನ ಅಂಗಿಯನ್ನು ಬೇರೆಯಾಗಿಯೇ ಒಗೆಯುತ್ತಾಳೆ. ಮಡಿ ಅಂತ.